ಮಕ್ಬೂಲನ ಕೊಂಡಿ

ಮುಡಬಿಯ ಬಸ್ ನಿಲ್ದಾಣದ ಮಗ್ಗುಲಲ್ಲಿ ಮಕ್ಬೂಲನ ವೆಲ್ಡಿಂಗ್ ಅಂಗಡಿ. ಅಂಗಡಿ ಎಂದು ಹೇಳಿಕೊಳ್ಳುವುದಕ್ಕೆ ನಾಲ್ಕು ಕಂಬ, ಮೇಲೊಂದಿಷ್ಟು ಪತ್ರಾ, ಅಂದರೆ ತಗಡು, ಕೆಳಗೆ ಕಬ್ಬಿಣದ ಚೂರು ಬಿದ್ದು ಬಿದ್ದು ಕಪ್ಪಾದ ನೆಲ. ಬರಿಗಾಲಲ್ಲಿ ಒಳಗೆ ಹೋದವನು ಎರಡನೆಯ ಸಲ ಹಾಗೆ ಹೋಗುವುದಿಲ್ಲ. ಅವನ ತಂದೆ ಗುಲಾಮ್ ರಸೂಲ್ ಕಲಾಯಿ ಹಾಕುವವನಾಗಿದ್ದ. ಹಳ್ಳಿ ಹಳ್ಳಿ ತಿರುಗಿ, ಬೇವಿನ ಗಿಡದ ಕೆಳಗೆ ತಿದಿ ಹೂಡಿ, ಹಿತ್ತಾಳೆ ಪಾತ್ರೆಗಳ ಒಳಮೈಯನ್ನು ಬೆಳ್ಳಗೆ ಮಾಡಿಕೊಡುತ್ತಿದ್ದ. ಸ್ಟೀಲು ಬಂದ ಮೇಲೆ ಆ ಕಸುಬಿಗೆ ಅನ್ನ ಇಲ್ಲದಾಯಿತು. ಮಗ ತಿದಿ ಮೂಲೆಗಿಟ್ಟು ವೆಲ್ಡಿಂಗ್ ಹಿಡಿದ. ಬೆಂಕಿಯ ಮುಂದೆ ಕೂರುವುದು ಮಾತ್ರ ಇಬ್ಬರ ಹಣೆಯಲ್ಲೂ ಬರೆದದ್ದು.

ಮಕ್ಬೂಲನ ಹೆಸರು ನಡೆದದ್ದು ಚಾವಣಿಗಳಿಂದ. ಈ ಸೀಮೆಯ ಮಣ್ಣಿನ ಮಾಳಿಗೆಗಳು ಒಂದೊಂದಾಗಿ ಕುಸಿದವು. ಮತ್ತೆ ಮಣ್ಣು ಹೊತ್ತು ಕಟ್ಟುವವರು ಯಾರು? ಬೋರಿಗೆ ನೀರು ಬಿದ್ದ ರೈತರು ಹೊಲದಲ್ಲೇ ಇಟ್ಟಿಗೆ ಗೋಡೆ ಎಬ್ಬಿಸಿ, ಮೇಲೆ ಪತ್ರಾ ಹೊದಿಸಿ ಸಂಸಾರ ಹೂಡಿದರು. ಕೆಲವರು ಬಿದಿರಿನ ಮೇಲೆ ತಗಡು ಹಾಸಿ ನಾಲ್ಕು ಕಲ್ಲು ಹೇರಿ ಕೈ ಝಾಡಿಸಿಕೊಳ್ಳುತ್ತಿದ್ದರು. ಮಕ್ಬೂಲನಿಗೆ ಅಂಥ ಕೆಲಸ ನೋಡಿದರೆ ಮೈಯೆಲ್ಲ ಉರಿ. ಅವನು ಕಬ್ಬಿಣದ ಪೈಪುಗಳನ್ನು ಅಡ್ಡ ಉದ್ದ ಬೆಸೆದು ಗಟ್ಟಿ ಚೌಕಟ್ಟು ಮಾಡಿ, ಒಂದೊಂದು ಹಾಳೆಯನ್ನೂ ಅದಕ್ಕೆ ಬೋಲ್ಟ್ ಹಾಕಿ ಬಿಗಿದು, ಇಡೀ ಚಾವಣಿಯನ್ನು ಒಂದೇ ತುಂಡಿನಂತೆ ಗೋಡೆಯ ಮೇಲೆ ಕೂರಿಸುತ್ತಿದ್ದ. "ಒಂದ್ ಹಾಳಿ ಹಾರ್‍ತಂದ್ರ ನನ್ನ ಹೆಸರು ಕೇಳಬ್ಯಾಡ್ರಿ" ಎನ್ನುತ್ತಿದ್ದ. ಜಂಬ ಇಲ್ಲದ ಕುಶಲಕರ್ಮಿಯನ್ನು ಯಾರು ಕಂಡಿದ್ದಾರೆ? ಇವನಿಗೂ ಸ್ವಲ್ಪ ಇತ್ತು, ಅದಕ್ಕೆ ತಕ್ಕ ಕೈಯೂ ಇತ್ತು.

ಇನ್ನು ಕೊಂಡಿಯ ಮಾತು. ಮಗಳು ಫರ್ಹೀನ್ ಹುಟ್ಟಿದಾಗ ಅವನ ತಗಡಿನ ಮನೆಯಲ್ಲಿ ಜೋಲಿ ಕಟ್ಟಲು ತೊಲೆ ಇರಲಿಲ್ಲ. ಹೆಂಡತಿ ಶಹಜಾದಿ ಹಳೆಯ ಸೀರೆಯ ಜೋಲಿಯನ್ನು ಬಾಗಿಲ ಚೌಕಟ್ಟಿಗೆ ಕಟ್ಟಿದಳು. ಬಾಗಿಲು ಹಾಕಲು ಬರುವಂತಿಲ್ಲ, ಹೋಗಿಬರುವವರ ತಲೆ ಕೂಸಿಗೆ, ಕೂಸಿನ ಕಾಲು ಅವರ ಮೂಗಿಗೆ. ಒಂದು ದಿನ ಆಡು ಬಂದು ಜೋಲಿಯ ತುದಿ ಜಗಿಯುತ್ತ ನಿಂತದ್ದನ್ನು ಕಂಡು ಶಹಜಾದಿ ಬಾಯಿಗೆ ಬಂದಂತೆ ಬೈದಳು. ಬೈದದ್ದು ಆಡಿಗಲ್ಲ, ಗಂಡನಿಗೆ. ಅವತ್ತೇ ಮಕ್ಬೂಲ ಬೆರಳುಗಾತ್ರದ ಸಲಾಕೆ ಬಾಗಿಸಿ ಚಾವಣಿಯ ನಡುಪೈಪಿಗೆ ಬೆಸೆದ. ಅಲ್ಲಿಂದ ಶುರುವಾಯಿತು. ಯಾರ ಮನೆಗೆ ಚಾವಣಿ ಮಾಡಿದರೂ ನಡುಪೈಪಿಗೆ ಒಂದು ಕೊಂಡಿ ಅವನ ಲೆಕ್ಕದಲ್ಲೇ. ಮದುವೆಯಾಗದ ಮುದುಕನ ಮನೆಗೂ ಹಾಕಿದ. ಮುದುಕ ಮೂಗು ಮುರಿದರೆ, "ಇರ್‍ಲಿ ಬಿಡ್ರಿ ಕಾಕಾ, ಖುದಾನ ಖುಷಿ ಯಾರಿಗ ಗೊತ್ತದ?" ಎಂದು ನಕ್ಕ. ಕೆಲಸ ಮುಗಿದ ದಿನ ಎರಡೂ ಕೈಯಿಂದ ಕೊಂಡಿಗೆ ಜೋತುಬಿದ್ದು ಮನೆಯವರಿಗೆ ತೋರಿಸುವುದು ಅವನ ಪದ್ಧತಿ. ಆ ಮನೆಯಲ್ಲಿ ಮುಂದೆ ಕೂಸನ್ನು ಜೋಲಿಗೆ ಹಾಕಿದ ದಿನ ಅಂಗಡಿಗೆ ಹುಗ್ಗಿಯೋ ಪೇಡೆಯೋ ಬರಲೇಬೇಕು. ಊರಲ್ಲಿ ಅದಕ್ಕೆ ಮಕ್ಬೂಲನ ಕೊಂಡಿ ಎಂದೇ ಹೆಸರಾಯಿತು.

ಸೂರ್ಯಕಾಂತನ ಹೊಲದ ಮನೆಗೂ ಅವನೇ ಚಾವಣಿ ಹಾಕಿದ್ದ. ಸೂರ್ಯಕಾಂತ, ಅವನ ಹೆಂಡತಿ ಸಾಕ್ಷಿ, ತಾಯಿ ಧೂಳಮ್ಮ. ಹಳ್ಳದ ದಂಡೆಗೆ ಹೊಲ, ಒಂದಿಷ್ಟು ಕಬ್ಬು, ಉಳಿದದ್ದು ತೊಗರಿ, ಹತ್ತಾರು ಆಡು. ಸಾಕ್ಷಿಗೆ ಶ್ರಾವಣದಲ್ಲಿ ಹೆಣ್ಣು ಹುಟ್ಟಿತು, ಶ್ರಾವಣಿ ಎಂದೇ ಹೆಸರಿಟ್ಟರು. ಅವರ ಮನೆಯಿಂದ ಬಂದ ಹುಗ್ಗಿ ಮಕ್ಬೂಲನಿಗೆ ಬಹಳ ಹಿಡಿಸಿ, ಡಬ್ಬಿ ವಾಪಸು ಕೊಡುವ ನೆಪದಲ್ಲಿ ಕೂಸನ್ನೂ ನೋಡಿ ಬಂದ. ಜೋಲಿಯಲ್ಲಿ ಕಾಲಾಡಿಸುತ್ತ ಮಲಗಿತ್ತು. ಸಾಕ್ಷಿ ಜೋಲಿ ತೂಗುತ್ತ, "ಚಾಚಾ, ನಿಮ್ಮ ಕೊಂಡಿ ಒಂಚೂರೂ ಕಿರ್ ಅನ್ನಂಗಿಲ್ಲ ನೋಡ್ರಿ" ಎಂದಿದ್ದಳು.

ಬೇಸಿಗೆಯಲ್ಲಿ ಈ ಕಡೆ ಸುಳಿಗಾಳಿ ಹೊಸದಲ್ಲ. ಮುಸಲ್ಮಾನರು ಬಗೂಲಾ ಎನ್ನುತ್ತಾರೆ, ಉಳಿದವರು ದೆವ್ವದ ಗಾಳಿ ಎನ್ನುತ್ತಾರೆ. ಉತ್ತ ಹೊಲದಲ್ಲಿ ಧೂಳು, ಜೋಳದ ಸೊಪ್ಪೆ, ಪ್ಲಾಸ್ಟಿಕ್ ಚೀಲ ಎತ್ತಿಕೊಂಡು ನಾಲ್ಕು ಮಾರು ಕುಣಿದು ಬಿದ್ದುಹೋಗುತ್ತದೆ. ಎದುರಿಗೆ ಬಂದರೆ ಥೂ ಎಂದು ಉಗಿದು ಬದಿಗೆ ಸರಿದರಾಯಿತು. ಆದರೆ ಕಳೆದ ವರ್ಷ ಮುಂಗಾರಿಗೆ ಮುಂಚೆ ಒಂದು ಮಧ್ಯಾಹ್ನ ಬಂದದ್ದು ಉಗಿದರೆ ಹೋಗುವಂಥದ್ದಲ್ಲ. ಪಡುವಣದ ಕಡೆ ಕಪ್ಪಾಗಿ ಮೋಡ ಕಟ್ಟಿತು. ಮೋಡದಿಂದ ಒಂದು ಕಾಲು ಇಳಿದು ನೆಲಕ್ಕೆ ತಾಗಿತು. ಲಾರಿಗಳ ಸಾಲು ಘಟ್ಟ ಹತ್ತುವಂಥ ಸದ್ದು. ಹುಣಸೆಮರ ಬುಡಸಮೇತ ಮೇಲೆದ್ದಿತು, ಕರೆಂಟಿನ ಕಂಬಗಳು ಬಾಗಿ ಮಲಗಿದವು, ಮೇವಿನ ಬಣವೆ ಇದ್ದ ಜಾಗದಲ್ಲಿ ಬರೀ ನೆಲ ಉಳಿಯಿತು. ಕಟ್ಟಿದ್ದ ಎಮ್ಮೆಯೊಂದು ಗೂಟದ ಸಮೇತ ಮೂರು ಹೊಲದಾಚೆ ಸತ್ತುಬಿದ್ದಿತ್ತು. ಹೋದದ್ದೆಲ್ಲ ಒಂದೆರಡು ಹೊಲದಷ್ಟು ಅಗಲದಲ್ಲಿ. ಅದರ ಅಂಚಿನಲ್ಲಿದ್ದ ಮನೆಯ ಕಟ್ಟೆಯ ಮೇಲೆ ಒಣಗಹಾಕಿದ್ದ ಹಪ್ಪಳವೂ ಅಲುಗಲಿಲ್ಲವಂತೆ. ನಿಜಾಮನ ಕಾಲದಲ್ಲಿ ಹೀಗೇ ಒಂದು ಬಂದಿತ್ತೆಂದು ಮುದುಕರು ಆಮೇಲೆ ನೆನಪು ಮಾಡಿಕೊಂಡರು. ಮೊದಲೇ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ ಬಿಡಿ.

ಗಾಳಿ ಮಳೆ ಬಂತೆಂದರೆ ಇಲ್ಲಿನ ಹೆಂಗಸರು ಮಾಡುವ ಮೊದಲ ಕೆಲಸ ಕೂಸನ್ನು ಜೋಲಿಗೆ ಹಾಕುವುದು. ಅದಕ್ಕೆ ಕಾರಣವಿದೆ. ಮಳೆಗೆ ನೆಲದಲ್ಲಿ ಚೇಳು ಏಳುತ್ತದೆ, ಹೆದರಿದ ಆಡುಗಳು ಮನೆಯೊಳಗೆ ನುಗ್ಗಿ ತುಳಿಯುತ್ತವೆ, ನೀರು ಒಳಗೆ ಬರುತ್ತದೆ. ಜೋಲಿಯಲ್ಲಿದ್ದರೆ ಯಾವುದರ ಭಯವೂ ಇಲ್ಲ. ಸಾಕ್ಷಿಯ ತಾಯಿ ಹಾಗೇ ಮಾಡುತ್ತಿದ್ದಳು, ಧೂಳಮ್ಮ ಸೂರ್ಯಕಾಂತನನ್ನು ಹಾಗೇ ಬೆಳೆಸಿದ್ದಳು. ಅವರ ಕಾಲದಲ್ಲಿ ಮೇಲೆ ಮಣ್ಣಿನ ಮಾಳಿಗೆ ಇತ್ತು, ಆನೆ ಬಂದರೂ ಎತ್ತಲಾಗದಷ್ಟು ಭಾರ. ತಲೆಯ ಮೇಲಿನದು ಬದಲಾಗಿತ್ತು, ಪದ್ಧತಿ ಬದಲಾಗಿರಲಿಲ್ಲ. ಸಾಕ್ಷಿ ಕೂಸನ್ನು ಜೋಲಿಗೆ ಹಾಕಿದಳು. ಶ್ರಾವಣಿ ಆಗಲೇ ಹಿಡಿದು ನಿಲ್ಲುತ್ತಿದ್ದಳು. ಎದ್ದು ಬಿದ್ದಾಳೆಂದು ಜೋಲಿಯ ಎರಡೂ ಅಂಚು ಸೇರಿಸಿ ಗಂಟು ಹಾಕಿದಳು. ಅತ್ತೆಗೆ ನೋಡಿಕೊಳ್ಳಲು ಹೇಳಿ ಆಡು ತರಲು ಓಡಿದಳು.

ಧೂಳಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಇದ್ದಕ್ಕಿದ್ದಂತೆ ಮನೆಯೊಳಗೆ ಬೆಳಕಾಯಿತು. ತಲೆಯೆತ್ತಿದರೆ ಚಾವಣಿ ಇಲ್ಲ. ಬಾವಿಯಿಂದ ಕೊಡ ಸೇದಿದಂತೆ ಜೋಲಿ ನೆಟ್ಟಗೆ ಮೇಲೆ ಹೋಯಿತು. ಆ ಮುದುಕಿ ಇವತ್ತಿಗೂ ತಲೆಯೆತ್ತಿ ಆಕಾಶ ನೋಡುವುದಿಲ್ಲ.

ಮಕ್ಬೂಲನನ್ನು ಕರೆಯಲು ಮೋಟರ್ ಸೈಕಲ್ ಬಂದಾಗ ಅವನು ತನ್ನದೇ ಅಂಗಡಿಯ ಬಿದ್ದ ಕಂಬ ಎತ್ತುತ್ತಿದ್ದ. ಕಟ್ಟರ್ ತಗೊಂಡು ಬಾ ಎಂದಷ್ಟೇ ಹೇಳಿದರು. ಹಳ್ಳದಾಚೆಯ ಕಬ್ಬಿನಲ್ಲಿ ಚಾವಣಿ ಮಗುಚಿ ಬಿದ್ದಿತ್ತು. ಮಂದಿ ಎಷ್ಟು ಎಳೆದರೂ ಪೈಪುಗಳು ಒಂದಕ್ಕೊಂದು ಬಿಟ್ಟುಕೊಡುತ್ತಿರಲಿಲ್ಲ. ಸೂರ್ಯಕಾಂತ ತಗಡಿನ ಅಂಚು ಹಿಡಿದು ಕೈ ಹರಿದುಕೊಂಡು ನಿಂತಿದ್ದ. ಮಕ್ಬೂಲ ಕೊಯ್ದ. ತಾನೇ ಬೆಸೆದ ಜಾಗಗಳನ್ನು ಒಂದೊಂದಾಗಿ ತಾನೇ ಕೊಯ್ದ. ನಡುಪೈಪು ಎತ್ತಿದಾಗ ಕೂಸು ಸಿಕ್ಕಿತು. ಜೋಲಿಯ ಗಂಟು ಬಿಚ್ಚಿರಲಿಲ್ಲ. ಕೊಂಡಿಯ ಬೆಸುಗೆಯಲ್ಲಿ ಕೂದಲೆಳೆಯಷ್ಟೂ ಬಿರುಕು ಇರಲಿಲ್ಲ.

ಅವನಿಗೆ ಆ ಕ್ಷಣ ಅಲ್ಲೇ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಬಿದಿರಿನ ಮೇಲೆ ತಗಡು ಹಾಸಿ ಕಲ್ಲು ಹೇರಿದ ಪಕ್ಕದ ಹೊಲದ ಮನೆಯಲ್ಲಿ ಹಾಳೆಗಳು ಮಾತ್ರ ಹಾರಿಹೋಗಿದ್ದವು. ಬಿದಿರು ಗೋಡೆಯ ಮೇಲೇ ಉಳಿದಿತ್ತು, ಅದಕ್ಕೆ ಕಟ್ಟಿದ ಜೋಲಿಯೂ ಅದರೊಳಗಿನ ಕೂಸೂ ಉಳಿದಿದ್ದವು. ಅವನು ಬೈದು ನಗುತ್ತಿದ್ದ ಕೆಟ್ಟ ಕೆಲಸವೇ ಒಂದು ಜೀವ ಉಳಿಸಿತ್ತು. ಅವನ ಒಳ್ಳೆಯ ಕೆಲಸ ಒಂದೇ ತುಂಡಾಗಿ ಎದ್ದು ಹೋಗಿತ್ತು.

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಣ್ಣು ಮಾಡಿ ಬರುವಾಗ ಸೂರ್ಯಕಾಂತನೇ ಅವನ ಭುಜ ಹಿಡಿದು, "ನಿಮ್ಮ ಕೆಲಸ ಪಕ್ಕಾ ಇತ್ರಿ ಚಾಚಾ, ನಮ್ಮ ನಸೀಬ ಕಚ್ಚಾ ಇತ್ತು" ಎಂದ. ಆಮೇಲೆ ಅಧಿಕಾರಿಗಳು ಬಂದು ಬರೆದುಕೊಂಡು ಹೋದರು. ಚಾವಣಿ ಕಳೆದುಕೊಂಡವರೆಲ್ಲ ಮಕ್ಬೂಲನ ಅಂಗಡಿಗೆ ಬಂದು ನಿಂತರು. "ಅಷ್ಟು ದೂರ ಹಾರಿ ಬಿದ್ರೂ ಒಂದ್ ಹಾಳಿ ಬಿಟ್ಟಿಲ್ಲಂತ, ಕೆಲಸ ಅಂದ್ರ ಅದು!" ಎಂದು ಅವನ ಮುಖಕ್ಕೇ ಹೊಗಳಿದರು. ಮನುಷ್ಯರ ನಾಲಿಗೆಗೆ ಎಲುಬಿಲ್ಲ ನೋಡಿ, ಎತ್ತ ಬೇಕಾದರೂ ಹೊರಳುತ್ತದೆ. ಅಷ್ಟು ಕೆಲಸ ಅವನಿಗೆ ಜನ್ಮದಲ್ಲಿ ಬಂದಿರಲಿಲ್ಲ. ಹೊಸ ಚಾವಣಿಗಳನ್ನೆಲ್ಲ ಗೋಡೆಯೊಳಗೆ ಆಳಕ್ಕೆ ಕಬ್ಬಿಣ ಇಳಿಸಿ ಕಟ್ಟಿದ; ಕೊಂಡಿ ಮಾತ್ರ ಒಂದಕ್ಕೂ ಹಾಕಲಿಲ್ಲ.

ಆದರೆ ಹಳೆಯವು? ಗಾಳಿಯ ದಾರಿಯಲ್ಲಿ ಇರದಿದ್ದ ಹೊಲಗಳಲ್ಲಿ ಅವನ ಹಳೆಯ ಚಾವಣಿಗಳು ಹಾಗೇ ಕೂತಿದ್ದವು, ನಡುಪೈಪಿಗೆ ಕೊಂಡಿ ಹಾಗೇ ಇತ್ತು. ಕಟ್ಟಿ ಮುಗಿದ ಗೋಡೆ ಒಡೆದು ಕಬ್ಬಿಣ ಇಳಿಸಲು ಯಾರೂ ಒಪ್ಪುವಂತಿರಲಿಲ್ಲ; ಮುಂದಿನ ಬೇಸಿಗೆಯೊಳಗೆ ಕೊಂಡಿಗಳನ್ನಾದರೂ ಎಲ್ಲ ಕೊಯ್ದು ತೆಗೆಯಬೇಕೆಂದು ಅವನು ನಿಶ್ಚಯ ಮಾಡಿದ. ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡು ಚೀಲಕ್ಕೆ ಹಾಕಿ ಮನೆ ಮನೆ ತಿರುಗಿದ. ಜೋಲಿ ಕಟ್ಟಲು ನೆಲದ ಮೇಲೆ ನಿಲ್ಲುವ ಕಬ್ಬಿಣದ ಸ್ಟ್ಯಾಂಡು ಪುಕ್ಕಟೆ ಮಾಡಿಕೊಡುತ್ತೇನೆಂದ. ಕೂಸಿಲ್ಲದ ಮನೆಯವರು ಕೊಯ್ಕೋ ಎಂದರು. ಕೂಸಿದ್ದ ಮನೆಯವರು ಒಬ್ಬರೂ ಬಿಡಲಿಲ್ಲ. ತೂಗುತ್ತಿರುವ ಜೋಲಿಯ ಕೊಂಡಿಗೆ ಬ್ಲೇಡು ಹಚ್ಚುವುದೇ? ಅದು ವಂಶಕ್ಕೆ ಬ್ಲೇಡು ಹಚ್ಚಿದಂತೆ ಎಂಬ ನಂಬಿಕೆ. ಯಾಕೆ ತೆಗೆಯಬೇಕೆಂದು ಬಿಡಿಸಿ ಹೇಳೋಣವೆಂದರೆ, ಮಲಗಿದ ಕೂಸಿನ ಮುಂದೆ ಸಾವಿನ ಮಾತೆತ್ತುವಂತಿಲ್ಲ. ಹೇಳದೆ ಕೊಯ್ಯಲು ಬಿಡರು, ಹೇಳಿದರೆ ಒದ್ದು ಓಡಿಸುವರು.

ಓಂಪ್ರಕಾಶನ ಮನೆಯಲ್ಲಿ ಹಾಗೇ ಆಯಿತು. ಓಂಪ್ರಕಾಶನ ಹೊಲ ಗುಡ್ಡದ ನೆತ್ತಿಗೆ, ಗಾಳಿಗೆ ಎದೆಯೊಡ್ಡಿಕೊಂಡು ನಿಂತ ಮನೆ, ಒಳಗೆ ಮೊನ್ನೆ ಮೊನ್ನೆ ಹುಟ್ಟಿದ ಗಂಡು ಕೂಸು. ಮಕ್ಬೂಲ ಅಲ್ಲಿಗೆ ಎಷ್ಟು ಸಲ ಅಲೆದನೋ. ಕೊನೆಯ ಸಲ ಅವನ ಬಾಯಿಂದ "ಸೂರ್ಯಕಾಂತನ ಮನ್ಯಾಗ ಆದಂಗ" ಎಂಬಷ್ಟು ಹೊರಟಿತು. ಓಂಪ್ರಕಾಶನ ತಾಯಿ ಕಸಬರಿಗೆ ತೆಗೆದುಕೊಂಡಳು.

"ನನ್ನ ಮೊಮ್ಮಗನ ಮ್ಯಾಲ ಅಂಥ ಮಾತು ಆಡ್ತೀಯೇನೋ? ನಿನ್ನ ತಲಿ ಕೆಟ್ಟದ. ಇನ್ನೊಮ್ಮಿ ಈ ಕಟ್ಟಿ ಹತ್ತಿದ್ರ ನೋಡು!"

ಊರಲ್ಲೂ ಅದೇ ಗುಸುಗುಸು: ಗಾಳಿ ಮಕ್ಬೂಲನ ತಲೆಯೊಳಗೆ ಹೊಕ್ಕಿದೆ. ಬಿಸಿಲು ಏರುತ್ತಿತ್ತು. ಹೊಲದಲ್ಲಿ ಸಣ್ಣ ಬಗೂಲಾ ಎದ್ದರೂ ಅವನು ಕೈಯ ಕೆಲಸ ಬಿಟ್ಟು ಅದು ಬೀಳುವ ತನಕ ನೋಡುತ್ತ ನಿಲ್ಲುತ್ತಿದ್ದ. ಉಣ್ಣದೆ ತಟ್ಟೆ ಸರಿಸಿದ ಗಂಡನಿಗೆ ಶಹಜಾದಿ ಒಂದು ದಿನ ಹೇಳಿಯೇಬಿಟ್ಟಳು:

"ಎಲ್ಲಾರ ಮನೀಗಿ ಹೋಗಾಕತ್ತೀರಿ. ಆ ಹೆಣ್ಮಗಳ ಮುಂದ ಹೋಗಿ ಒಮ್ಮಿ ನಿಂತೀರೇನು? ಅಕಿ ಕಣ್ಣಾಗ ಕಣ್ಣಿಟ್ಟು ನೋಡೂ ತನಕ ನಿಮ್ಮ ಗಂಟಲಾಗ ಅನ್ನ ಇಳಿಯಂಗಿಲ್ಲ."

ನಿಜ. ವರ್ಷವಾಗುತ್ತ ಬಂದರೂ ಅವನು ಸಾಕ್ಷಿಯ ಎದುರು ಹೋಗಿರಲಿಲ್ಲ. ಸೂರ್ಯಕಾಂತ ಹೊಲದ ಮನೆ ಬಿಟ್ಟು ಊರೊಳಗಿನ ಹಳೆಯ ಮನೆಗೆ ಬಂದಿದ್ದ. ಸಾಕ್ಷಿ ಹೊರಗೆ ಬರುವುದು ಕಡಿಮೆ. ಬಂದರೆ ಓಣಿಯ ಹೆಂಗಸರು ಅವಳೊಂದಿಗೆ ಒಳ್ಳೆಯ ಮಾತೇ ಆಡುತ್ತಿದ್ದರು, ಆದರೆ ಕಂಕುಳ ಕೂಸಿನ ಮುಖಕ್ಕೆ ಸೆರಗು ಎಳೆಯುತ್ತಿದ್ದರು. ಕೂಸು ಸತ್ತವಳ ಕಣ್ಣು ಬೀಳಬಾರದು, ಅವಳ ಕೈ ಅಂತೂ ತಾಗಲೇಬಾರದು. ನಾಮಕರಣಗಳಿಗೆ ಅವಳನ್ನು ಕರೆಯುವುದು ನಿಂತಿತ್ತು. ಅವಳು ಅದನ್ನೆಲ್ಲ ನೋಡಿಯೂ ನೋಡದಂತೆ ಇದ್ದಳು. ಇಷ್ಟು ಮೆತ್ತಗಿನ ಕ್ರೌರ್ಯಕ್ಕೆ ಜಗಳ ತೆಗೆಯುವುದಾದರೂ ಹೇಗೆ?

ಮಕ್ಬೂಲ ಹೋದಾಗ ಅವಳು ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದಳು. ಕೂಡಲು ಹೇಳಿದಳು. ಅವನು ಕೂಡಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದ. ಅವಳೇ ಮೊದಲು ಕೇಳಿದಳು.

"ಚಾಚಾ, ಒಂದ್ ಮಾತು ಕೇಳ್ತೀನಿ, ಖರೇ ಹೇಳ್ರಿ. ಕೊಂಡಿ ಕಿತ್ತು ಬಂದಿದ್ರ ನನ್ನ ಕೂಸು ಎಲ್ಲಿ ಬೀಳ್ತಿತ್ತು?"

ಎಷ್ಟು ದಿನಗಳಿಂದ ಇದನ್ನೇ ಅರೆಯುತ್ತಿದ್ದಳೋ. ಸುಳ್ಳು ಹೇಳುವುದು ಸುಲಭವಿತ್ತು. ಅಂಥ ಗಾಳಿಯಲ್ಲಿ ಯಾರು ಉಳಿಯುತ್ತಿದ್ದರವ್ವ ಎಂದಿದ್ದರೆ ಮುಗಿಯುತ್ತಿತ್ತು. ಮಕ್ಬೂಲನಿಗೆ ಆಗಲಿಲ್ಲ.

"ಕೆಳಗ, ಮನ್ಯಾಗೇ ಬೀಳ್ತಿತ್ತವ್ವ."

"ಬದುಕ್ತಿತ್ತಾ?"

"ಧೂಳಮ್ಮ ಅಲ್ಲೇ ನಿಂತಿದ್ರು, ಒಂದು ಗಾಯಾನೂ ಆಗಿಲ್ಲ ಅವರಿಗಿ. ಬದುಕ್ತಿತ್ತವ್ವ. ನೀ ಹಾಕಿದ ಗಂಟಿನ ತಪ್ಪಲ್ಲ ಅದು. ಗಂಟು ಇರದಿದ್ರೂ ಜೋಲಿ ಕೂಸಿನ ಸಮೇತ ಮ್ಯಾಲೇ ಹೋಗ್ತಿತ್ತು. ತಪ್ಪು ನನ್ನ ಕೊಂಡೀದು."

ಒಳಗಿಂದ ಧೂಳಮ್ಮ ಬಂದವಳೇ ಅವನ ಮೇಲೆ ಹರಿಹಾಯ್ದಳು. "ಹೇಳೂ ಮಾತೇನೋ ಇದು? ಹುಣ್ಣು ಆರ್‍ಲಿಕ್ಕ ಬಿಡಂಗಿಲ್ಲೇನು?"

"ಇರ್‍ಲಿ ಬಿಡ್ರಿ ಅತ್ತಿ," ಸಾಕ್ಷಿ ಅಂದಳು. "ಎಲ್ಲಾರೂ ದೇವರ ಇಚ್ಛಾ ಅಂದ್ರು. ಇವರೊಬ್ಬರು ಖರೇ ಹೇಳಿದ್ರು." ಅವಳ ಕಣ್ಣು ತುಂಬಿತ್ತು, ದನಿ ಅಲುಗಲಿಲ್ಲ. "ಅಂಥಾ ಕೊಂಡಿ ಇನ್ನ ಯಾರ ಮನ್ಯಾಗ ಅವ ಚಾಚಾ?"

"ಕೂಸಿದ್ದ ಮನ್ಯಾಗೆಲ್ಲ ಅವ. ಕೊಯ್ಲಿಕ್ಕ ಬಿಡವಲ್ರು. ಅಪಶಕುನ ಅಂತಾರ."

ಸಾಕ್ಷಿ ಮೊರ ಬದಿಗಿಟ್ಟಳು. ತನ್ನ ಎರಡೂ ಅಂಗೈ ನೋಡಿಕೊಂಡಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದಳು.

"ನಡೀರಿ."

ಹೋಗಿ ಬೇಡಿಕೊಳ್ಳುತ್ತಾಳೆ, ಇವಳ ಮುಖ ನೋಡಿಯಾದರೂ ಒಪ್ಪಿಯಾರು ಎಂದುಕೊಂಡು ಮಕ್ಬೂಲ ಬ್ಲೇಡಿನ ಚೀಲ ಹೆಗಲಿಗೇರಿಸಿ ಹಿಂದೆ ನಡೆದ. ಇಬ್ಬರೂ ಗುಡ್ಡ ಹತ್ತಿದರು. ಓಂಪ್ರಕಾಶನ ತಾಯಿ ಕಟ್ಟೆಯ ಮೇಲೆ ಕೂತಿದ್ದಳು. ಮಕ್ಬೂಲನನ್ನು ಕಂಡು ಬೈಯಲು ಬಾಯಿ ತೆರೆದವಳು, ಅವನ ಮುಂದೆ ಬರುತ್ತಿರುವ ಸಾಕ್ಷಿಯನ್ನು ಕಂಡು ಒಳಗೆ ಕೂಗಿದಳು:

"ಏ, ಕೂಸಿನ ತಗೋ! ಒಳಗ ಹೋಗು!"

ಸೊಸೆ ಮಲಗಿದ್ದ ಕೂಸನ್ನು ಜೋಲಿಯಿಂದ ಎತ್ತಿಕೊಂಡು ಅಡಿಗೆಮನೆಗೆ ಓಡಿ ಬಾಗಿಲು ಹಾಕಿಕೊಂಡಳು. ಕೂಸು ಬೆದರಿ ಅಳತೊಡಗಿತು. ಬಾ ಎಂದು ಯಾರೂ ಕರೆಯದಿದ್ದರೂ ಸಾಕ್ಷಿ ಹೊಸ್ತಿಲು ದಾಟಿದಳು. ಇನ್ನೂ ತೂಗುತ್ತಿದ್ದ ಜೋಲಿಯನ್ನು ನಿಲ್ಲಿಸಿದಳು. ಎರಡೂ ಕೈಗಳನ್ನು ಒಳಗಿಟ್ಟು, ಕೂಸು ಮಲಗಿದ್ದ ಜಾಗವನ್ನು ತಳದ ತನಕ ಸವರಿದಳು. ಬಟ್ಟೆ ಇನ್ನೂ ಬೆಚ್ಚಗಿತ್ತೆಂದು ಕಾಣುತ್ತದೆ, ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಅಮ್ಮಾ, ನಾ ಮುಟ್ಟೀನಿ ನೋಡ್ರಿ," ಎಂದಳು.

ಮಕ್ಬೂಲನಿಗೆ ಆಗ ತಿಳಿಯಿತು. ಅವಳು ಬೇಡಿಕೊಳ್ಳಲು ಬಂದಿರಲಿಲ್ಲ. ಓಂಪ್ರಕಾಶನ ತಾಯಿ ಎದೆ ಎದೆ ಬಡಿದುಕೊಂಡು ಬೈಯತೊಡಗಿದಳು. ನಿನ್ನ ಕೂಸನ್ನು ತಿಂದದ್ದು ಸಾಲಲಿಲ್ಲವೇ, ನನ್ನ ಮೊಮ್ಮಗನ ಮೇಲೆ ಕಣ್ಣು ಹಾಕಲು ಬಂದೆಯಾ, ನಿನ್ನ ಕೈಗೆ ಹುಳ ಬೀಳಲಿ ಎಂದಳು. ಬರೆಯಲಾಗದ ಮಾತುಗಳನ್ನೂ ಅಂದಳು. ಸಾಕ್ಷಿ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿದಳು. ಕೊನೆಗೆ ಮುದುಕಿ ಮಕ್ಬೂಲನ ಕಡೆ ತಿರುಗಿದಳು.

"ಏನ್ ನೋಡ್ಕೋತ ನಿಂತೀದಿ? ಅಕಿ ಮುಟ್ಟಿದ್ದು ಇನ್ನ ನಮ್ಮ ಮನ್ಯಾಗ ಇರಬಾರದು. ಆ ಸೀರಿ ಕಿತ್ತೊಗಿ, ಆ ಕೊಂಡೀನೂ ಕೊಯ್ದು ಹೊರಗ ಒಗಿ!"

ಮಕ್ಬೂಲ ಸ್ಟೂಲು ಹತ್ತಿ ಬ್ಲೇಡು ಹಚ್ಚಿದ. ಬ್ಲೇಡು ಎರಡು ಸಲ ಜಾರಿತು. ಕೊಂಡಿ ತುಂಡಾಗಿ ನೆಲಕ್ಕೆ ಬಿತ್ತು. ಹೊರಗೆ ಬಂದಾಗ ಅವನ ಗಡ್ಡ ಒದ್ದೆಯಾಗಿತ್ತು.

"ಸಾಕು ಮಗಳ," ಎಂದ. "ಇನ್ನೊಂದ್ ಮನ್ಯಾಗ ಈ ಮಾತು ಕೇಳಬ್ಯಾಡ. ನಾನೇ ಏನರ ಮಾಡ್ತೀನಿ."

"ನೀವು ಹೇಳಿದ್ರ ಅವ್ರು ಕೇಳಂಗಿಲ್ಲ. ನಾ ಮುಟ್ಟಿದ್ರ ಕೇಳ್ತಾರ." ಸಾಕ್ಷಿ ಸೆರಗು ಸರಿಮಾಡಿಕೊಂಡಳು. "ಮುಂದಿನ ಮನಿ ಯಾರದು?"

ಅವನು ಕೈ ಮಾಡಿ ತೋರಿಸಿದ. ಇಬ್ಬರೂ ಗುಡ್ಡ ಇಳಿದರು. ಅವರಿಗಿಂತ ಮುಂಚೆ ಸುದ್ದಿ ಇಳಿದಿತ್ತು. ಆ ಮನೆಯ ಬಾಗಿಲಲ್ಲಿ ಎಳೆಯ ಬಾಣಂತಿಯೊಬ್ಬಳು ಕೂಸನ್ನು ಎದೆಗೆ ಅವಚಿಕೊಂಡು, ಅದರ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಅವಳ ಹಿಂದೆ, ಒಳಗೆ, ಜೋಲಿ ಖಾಲಿ ಇತ್ತು.